699 ರೂಪಾಯಿಯ ಕ್ರೀಮು, 40 ರೂಪಾಯಿಯ ಅಗಸೆ

ನಮ್ಮ ಬಚ್ಚಲುಮನೆಯ ಕಿಟಕಿ ಕಟ್ಟೆ ಮೇಲೆ ಗುಂಗುರು ಕೂದಲಿಗೆ ಹಚ್ಚುವ ಕರ್ಲ್ ಕ್ರೀಮಿನ ಒಂದು ಬಾಟಲಿ ಜೂನ್ ತಿಂಗಳಿಂದ ಹಾಗೇ ಕೂತಿದೆ. 200 ಮಿಲಿ, 699 ರೂಪಾಯಿ. ಅರ್ಧವೂ ಖಾಲಿಯಾಗಿಲ್ಲ. ಫ್ರಿಜ್ ಬಾಗಿಲಲ್ಲಿ ಒಂದು ಹಳೇ ಜಾಮ್ ಬಾಟಲಿ ಇದೆ. ಅದರಲ್ಲಿ ತಲೆಗೆ ಹಚ್ಚುವ ಅಗಸೆ ಬೀಜದ ಲೋಳೆ. ಕಾಲು ಕೆಜಿ ಅಗಸೆಗೆ 40 ರೂಪಾಯಿ, ಆರು ಸಲಕ್ಕೆ ಆಗುತ್ತದೆ. ಈ ಬಾಟಲಿ ಪ್ರತಿ ವಾರ ಖಾಲಿ.

ರಿವ್ಯೂ ಅಂದರೆ ಇಷ್ಟೇ. ಆದರೆ ಇಷ್ಟು ತಿಳಿಯೋಕೆ ನನಗೆ ಎಂಟು ತಿಂಗಳು ಹಿಡಿಯಿತು, ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯ ಅಕೌಂಟ್ಸ್ ನೋಡಿಕೊಳ್ಳುವವಳು ನಾನು. ಬರೆದಿಡದೆ ಇರೋಕಾಗಲ್ಲ. ಹಾಗಾಗಿ ಯಾವುದಕ್ಕೆ ಎಷ್ಟು ಕೊಟ್ಟೆ, ಅದು ಏನು ಮಾಡಿತು, ಏನು ಮಾಡಲಿಲ್ಲ ಅನ್ನೋದು ಒಂದು ನೋಟ್‌ಬುಕ್ಕಿನಲ್ಲಿದೆ. ಸ್ಮೂದ್ನಿಂಗ್ (ಪಾರ್ಲರಿನಲ್ಲಿ ಮದ್ದು ಹಾಕಿ ಕೂದಲು ನೆಟ್ಟಗೆ ಮಾಡಿಸುವುದು) ಬಿಟ್ಟು ಗುಂಗುರು ಕೂದಲಿಗೆ ವಾಪಸ್ ಬರುತ್ತಿರುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ನನ್ನದು ಹುಟ್ಟು ಗುಂಗುರು. 2015ರಲ್ಲಿ ಧಾರವಾಡದಲ್ಲಿ ಮೊದಲ ಸಲ ಸ್ಮೂದ್ನಿಂಗ್ ಮಾಡಿಸಿದೆ. ಆಮೇಲೆ ಬುಡದಲ್ಲಿ ಗುಂಗುರು ಇಣುಕಿದಾಗೆಲ್ಲ ಪಾರ್ಲರ್‌ಗೆ ಓಟ. 2024ರ ಫೆಬ್ರವರಿಯದ್ದೇ ಕೊನೆ. ಒಂದು ಸಂಜೆ ಆಫೀಸಿನಿಂದ ಬಂದು ತಲೆ ಬಾಚಿದರೆ ಬಾಚಣಿಗೆ ತುಂಬ ಗೇಣುದ್ದದ ತುಂಡುಗಳು. ಬುಡದಿಂದ ಉದುರಿದ್ದಲ್ಲ, ನಡುವೆ ಮುರಿದಿದ್ದು. ಅವತ್ತೇ ಸಾಕು ಅನ್ನಿಸಿತು.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಮುಂದಿನ ಖರ್ಚು ಅರ್ಧ ಉಳಿಯುತ್ತದೆ. ಸ್ಮೂದ್ನಿಂಗ್ ಮಾಡುವ ಮದ್ದು ಕೂದಲಿನ ಒಳಗಿರುವ ಗಂಧಕದ ಬಂಧಗಳನ್ನೇ ಬಿಡಿಸಿ, ನೆಟ್ಟಗೆ ಮಾಡಿ, ಮತ್ತೆ ಕಟ್ಟುತ್ತದೆ. ಹಾಗೆ ಬದಲಾದ ಕೂದಲು ಯಾವ ಎಣ್ಣೆಗೂ, ಯಾವ ಕ್ರೀಮಿಗೂ ತಿರುಗಿ ಗುಂಗುರಾಗಲ್ಲ. ಹೊಸದಾಗಿ ಬುಡದಿಂದ ಬರುವುದಷ್ಟೇ ನಿಮ್ಮ ಸ್ವಂತದ್ದು. ತಿಂಗಳಿಗೆ ಒಂದು ಸೆಂಟಿಮೀಟರ್, ಒಂದೂಕಾಲು ಅಂದುಕೊಳ್ಳಿ. 14 ತಿಂಗಳು ಕಾದೆ. ಅಷ್ಟು ದಿನ ಒಂದೇ ಎಳೆಯಲ್ಲಿ ಎರಡು ಕೂದಲು ಇದ್ದಂತೆ. ಮೇಲೆ ಸುರುಳಿ, ಕೆಳಗೆ ದಾರ. ಎರಡೂ ಸೇರುವ ಜಾಗ ಬಲು ಸೂಕ್ಷ್ಮ, ಅಲ್ಲೇ ಪಟ್ ಅಂತ ಮುರಿಯುವುದು. 2025ರ ಏಪ್ರಿಲ್‌ನಲ್ಲಿ ಕೆಳಗಿನ ದಾರವನ್ನೆಲ್ಲ ಕಟ್ ಮಾಡಿಸಿದೆ. ಕೂದಲು ಕಿವಿಯ ಕೆಳಗೆ ಬಂತು. ಮಾರನೇ ದಿನ ಆಫೀಸಿನಲ್ಲಿ ಸೆಕ್ಯೂರಿಟಿ ಅಂಕಲ್ "ತಿರುಪತಿಗೆ ಹೋಗಿದ್ರಾ ಮೇಡಂ?" ಅಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದ್ದು.

ಕತ್ತರಿಸಿದ ಮೇಲೆ ಸುರುಳಿ ತಾನಾಗೇ ಚೆಂದ ಕೂರುತ್ತದೆ ಅಂದುಕೊಂಡಿದ್ದೆ. ಕೂರಲಿಲ್ಲ. ಬೆಳಿಗ್ಗೆ ತೆಂಗಿನ ನಾರಿನ ಹಾಗೆ ಎದ್ದು ನಿಲ್ಲುತ್ತಿತ್ತು. ಗುಂಗುರು ಕೂದಲು ಒಣಗುವುದಕ್ಕೆ ಕಾರಣ ಸರಳ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೆಟ್ಟಗಿನ ಕೂದಲಿನ ಮೇಲೆ ಸಲೀಸಾಗಿ ಜಾರಿ ತುದಿ ಮುಟ್ಟುತ್ತದೆ. ಸುರುಳಿಯಲ್ಲಿ ತಿರುವಿಗೊಂದು ತಿರುವು, ಅದು ಇಳಿಯೋದೇ ಇಲ್ಲ. ಬುಡ ಜಿಡ್ಡು, ತುದಿ ಒಣ.

ಊರಿಗೆ ಫೋನ್ ಮಾಡಿದರೆ ಅವ್ವನದು ಒಂದೇ ಮಂತ್ರ. "ಎಣ್ಣಿ ಹಚ್ಚ ತಂಗಿ, ಕೈ ತುಂಬ ಎಣ್ಣಿ ಹಚ್ಚ." ಹಚ್ಚಿದೆ. ಒಣ ಕೂದಲಿಗೆ, ದಿನಾ ಬೆಳಿಗ್ಗೆ. ಕೂದಲು ಒಣಗಿಯೇ ಇತ್ತು, ಮೇಲೆ ಜಿಡ್ಡು ಬೇರೆ ಸೇರಿತು. ತಲೆದಿಂಬಿನ ಕವರು ಹಳದಿಗೆ ತಿರುಗಿತು.

ಆಗ ನೆನಪಾದವಳು ನನ್ನ ಹಾಸ್ಟೆಲ್ ರೂಮ್‌ಮೇಟ್. ಹಳಿಯಾಳದ ಕಡೆಯ ಹಳ್ಳಿಯವಳು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ. ಅವಳ ಕೂದಲು ನನ್ನದಕ್ಕಿಂತ ಎಷ್ಟೋ ಪಟ್ಟು ಬಿಗಿಯಾದ ಸುರುಳಿ. ಭಾನುವಾರ ಮಧ್ಯಾಹ್ನ ಕಿಟಕಿ ಹತ್ತಿರ ಒಂದು ಮಗ್ ನೀರು, ಒಂದು ಬಟ್ಟಲು ಎಣ್ಣೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಪಾಲು ಕೂದಲು ತೆಗೆಯುವುದು, ಬೆರಳಲ್ಲಿ ನೀರು ಹಚ್ಚಿ ನೆನೆಸುವುದು, ಅದರ ಮೇಲೆ ಎರಡು ಹನಿ ಎಣ್ಣೆ, ಆಮೇಲೆ ಹೆಣೆಯುವುದು. ಮತ್ತೆ ಇನ್ನೊಂದು ಪಾಲು. "ನೀರ್ಯಾಕ?" ಅಂತ ಒಮ್ಮೆ ಕೇಳಿದ್ದೆ. "ಒಣ ಕೂದ್ಲಿಗೆ ಎಣ್ಣಿ ಹಚ್ಚಿದ್ರ ನೀರ ಒಳಗ ಹೆಂಗ ಹೋಗ್ತೈತಿ?" ಅಂದಿದ್ದಳು. ಒಮ್ಮೆ ಪಾರ್ಲರ್‌ಗೆ ಐಬ್ರೋಗೆ ಅಂತ ಇಬ್ಬರೂ ಹೋದಾಗ ಅಲ್ಲಿಯಾಕೆ ಅವಳ ತಲೆ ನೋಡಿ ಸ್ಟ್ರೇಟ್ ಮಾಡಿಸಿ ಅಂತ ಬೆನ್ನು ಬಿದ್ದಳು. ಅವಳು ನಕ್ಕು ಎದ್ದು ಬಂದಳು. ಬಲೆಗೆ ಬಿದ್ದವಳು ನಾನು. ಅದೇ ವರ್ಷ ಅದೇ ಕುರ್ಚಿಯಲ್ಲಿ ಮೂರೂವರೆ ಸಾವಿರ ಕೊಟ್ಟು ಕೂತಿದ್ದೆ.

ಈಗ ಎಲ್‌ಒಸಿ ಅಂತ ಎಲ್ಲ ಕಡೆ ಹೇಳುತ್ತಾರಲ್ವಾ, ಮೊದಲು ಲಿಕ್ವಿಡ್, ಆಮೇಲೆ ಆಯಿಲ್, ಆಮೇಲೆ ಕ್ರೀಮ್, ಅದು ಅವಳ ನೀರಿನ ಮಗ್ ಮತ್ತು ಎಣ್ಣೆ ಬಟ್ಟಲೇ. ಈ ಹೆಸರು, ಬಿಗ್ ಚಾಪ್ (ನೆಟ್ಟಗಾದ ಕೂದಲನ್ನೆಲ್ಲ ಒಮ್ಮೆಗೇ ಕತ್ತರಿಸುವುದು), ಟ್ರಾನ್ಸಿಷನಿಂಗ್ (ಸ್ವಂತ ಕೂದಲು ಬೆಳೆಯುವವರೆಗೆ ಕಾಯುವುದು) ಅನ್ನೋ ಮಾತುಗಳೆಲ್ಲ ಅಮೆರಿಕದ ಕಪ್ಪು ಹೆಣ್ಣುಮಕ್ಕಳಿಂದ ಬಂದವು. ಕೂದಲು ನೆಟ್ಟಗೆ ಮಾಡುವ ರಿಲ್ಯಾಕ್ಸರ್ ಮದ್ದು ಬಿಟ್ಟು ಸ್ವಂತ ಕೂದಲಿಗೆ ಮರಳಿದವರು ಅವರು. ಅಲ್ಲಿ ಅದು ಬರೀ ಚೆಂದದ ಮಾತಲ್ಲ, ಕೆಲಸ ಸಿಗುವ, ಹೋಗುವ ಪ್ರಶ್ನೆ. ಹುಟ್ಟು ಕೂದಲಿನ ಕಾರಣಕ್ಕೆ ಯಾರನ್ನೂ ಬೇರೆ ಮಾಡುವಂತಿಲ್ಲ ಅಂತ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತಂದಿತು. ನಮಗೆ ಇಲ್ಲಿ ಮದುವೆ ಮನೆಯಲ್ಲಿ "ತಲೆ ಬಾಚಿಲ್ಲೇನೇ?" ಅನ್ನೋ ಮಾತು ಕೇಳಿಬಂದರೆ ಹೆಚ್ಚು.

ಅವರು ಹೇಳಿದ್ದೆಲ್ಲ ನನಗೆ ಒಗ್ಗಲಿಲ್ಲ. 320 ರೂಪಾಯಿಯ ಶಿಯಾ ಬಟರ್ (ಶಿಯಾ ಮರದ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) ತರಿಸಿದೆ. ಬಿಗಿ ಸುರುಳಿಗೆ ಅದು ಸರಿ. ನನ್ನ ಸಡಿಲ ಸುರುಳಿ ಮೇಲೆ ಮೇಣದ ಹಾಗೆ ಕೂತು ಸುರುಳಿಯನ್ನೇ ಕೆಳಗೆ ಎಳೆಯಿತು. ಈಗ ಅದು ಹಿಮ್ಮಡಿ ಒಡೆತಕ್ಕೆ ಬಳಕೆಯಾಗುತ್ತಿದೆ. ಅದಕ್ಕೆ ಬಹಳ ಒಳ್ಳೆಯದು.

ಅವ್ವನ ಎಣ್ಣೆಗೆ ನ್ಯಾಯ ಕೊಡಲೇಬೇಕು. 2003ರಲ್ಲಿ ಮಾರಿಕೋ ಕಂಪನಿಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಚೆನ್ನಾಗಿ ತಡೆದದ್ದು ತೆಂಗಿನೆಣ್ಣೆ ಒಂದೇ. ಅದರ ಕಣ ಚಿಕ್ಕದು, ಕೂದಲಿನ ಒಳಗೆ ಇಳಿಯುತ್ತದೆ. ಪ್ಯಾರಾಶೂಟ್ ಮಾರುವ ಕಂಪನಿಯೇ ಹೀಗಂದರೆ ನಂಬಬೇಕಾ ಅಂತ ನನ್ನೊಳಗಿನ ಅಕೌಂಟೆಂಟ್ ಕೇಳಿದಳು. ನನ್ನ ತಲೆ ಮಾತ್ರ ಹೌದು ಅಂದಿತು, ಆದರೆ ತಲೆಸ್ನಾನಕ್ಕೆ ಮುಂಚೆ ಹಚ್ಚಿದಾಗ. ಎರಡು ಗಂಟೆ ಮುಂಚೆ ಎರಡು ಚಮಚ, ನೆತ್ತಿಗಿಂತ ತುದಿಗೇ ಜಾಸ್ತಿ. ಸ್ನಾನ ಆದಮೇಲೆ ಒಂದು ಹನಿಗಿಂತ ಜಾಸ್ತಿ ಎಣ್ಣೆ ಮುಟ್ಟಲ್ಲ. ಅಭ್ಯಂಜನ ಮಾಡಿಸುತ್ತಿದ್ದ ಅವ್ವನದು ಅರ್ಧ ಸರಿ ಅಂತಾಯ್ತು. ಅವಳಿಗೆ ಹೇಳಿಲ್ಲ.

ಕಂಡೀಷನರ್ ವಿಷಯ. ಇದಕ್ಕೆ ದುಡ್ಡು ಕೊಡಿ, ಆದರೆ ಜಾಸ್ತಿ ಬೇಡ. ನಾನು ಬಳಸುವುದು ಮೆಡಿಕಲ್ ಶಾಪಿನಲ್ಲಿ ಸಿಗುವ 240 ರೂಪಾಯಿಯದ್ದು. ಹೆಸರಿಗಿಂತ ಹಿಂದಿನ ಲೇಬಲ್ ಓದೋದು ಕಲಿಯಿರಿ. ಬೆಹೆನ್‌ಟ್ರೈಮೋನಿಯಂ ಅಂತ ಶುರುವಾಗುವ ಹೆಸರು ಮೊದಲ ನಾಲ್ಕೈದರಲ್ಲಿ ಇದ್ದರೆ ಒಳ್ಳೇದು. ಹಾಳಾದ ಕೂದಲಿಗೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸೆಟೈಲ್ ಆಲ್ಕೋಹಾಲ್, ಸಿಟೀರೈಲ್ ಆಲ್ಕೋಹಾಲ್ ಅಂತ ಕಂಡರೆ ಹೆದರಬೇಡಿ. ಹೆಸರಷ್ಟೇ ಆಲ್ಕೋಹಾಲ್, ಅವು ಬೆಣ್ಣೆಯ ಹಾಗಿನ ಕೊಬ್ಬು, ಕೂದಲು ಮೆತ್ತಗಾಗೋದೇ ಅವುಗಳಿಂದ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್. ಈ ಗೊಂದಲದಲ್ಲಿ ಎರಡು ಒಳ್ಳೇ ಬಾಟಲಿಗಳನ್ನು ಅಂಗಡಿಯಲ್ಲೇ ವಾಪಸ್ ಇಟ್ಟು ಬಂದಿದ್ದೆ.

ಹಚ್ಚುವ ರೀತಿಯೇ ಮುಖ್ಯ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರಬೇಕು. ಕಂಡೀಷನರ್ ಹಚ್ಚಿ, ತಲೆ ಬಗ್ಗಿಸಿ, ಅಂಗೈಯಲ್ಲಿ ನೀರು ತಗೊಂಡು ಕೂದಲನ್ನು ಕೆಳಗಿನಿಂದ ಮೇಲಕ್ಕೆ ಹಿಚುಕಬೇಕು. ಬಸಳೆ ಸೊಪ್ಪು ಹಿಸುಕಿದಾಗ ಬರುವಂಥ ಪಚಪಚ ಸದ್ದು ಬಂದರೆ ನೀರು ಸಾಕಷ್ಟಿದೆ ಅಂತ. ಸದ್ದಿಲ್ಲ ಅಂದರೆ ಇನ್ನೂ ನೀರು ಬೇಕು. ಸಿಕ್ಕು ಬಿಡಿಸುವುದು ಆಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ. ಒಣಗಿದ ಮೇಲೆ ಬಾಚಣಿಗೆ ಮುಟ್ಟಿಸಿದರೆ ಮತ್ತೆ ತೆಂಗಿನ ನಾರು. ಕೊನೆಗೆ ಪೂರ್ತಿ ತೊಳೆಯಲ್ಲ, ಸ್ವಲ್ಪ ಉಳಿಸುತ್ತೇನೆ. ಲೀವ್-ಇನ್ ಅಂತ ಬೇರೆ ಬಾಟಲಿ ಬೇಡ, ಇದೇ ಲೀವ್-ಇನ್.

ಇನ್ನು ಆ 699ರ ಕ್ರೀಮು. ಹೆಸರು ಹೇಳಲ್ಲ, ಬೇರೆಯವರಿಗೆ ಒಗ್ಗಿರಬಹುದು. ವಾಸನೆ ಚೆನ್ನಾಗಿದೆ. ಮೊದಲ ವಾರ ಬೆಂಗಳೂರಿನಲ್ಲಿ ಸುರುಳಿ ಚೆನ್ನಾಗೇ ಬಂತು. ಮೇ ತಿಂಗಳಲ್ಲಿ ಕಾರವಾರದಲ್ಲಿ ಸೋದರತ್ತೆ ಮಗಳ ಮದುವೆ. ಬೆಳಿಗ್ಗೆ ಆರಕ್ಕೆ ಕ್ರೀಮು ಹಚ್ಚಿ ತಯಾರಾದೆ. ಮುಹೂರ್ತದ ಹೊತ್ತಿಗೆ ನನ್ನ ತಲೆ ಇಡ್ಲಿ ಉಬ್ಬಿದ ಹಾಗೆ ಉಬ್ಬಿತ್ತು. ಫೋಟೋದಲ್ಲಿ ನನ್ನ ಹಿಂದೆ ನಿಂತ ಇಬ್ಬರ ಮುಖವೇ ಕಾಣಲ್ಲ. ರೂಮಿಗೆ ಬಂದು ಲೇಬಲ್ ಓದಿದರೆ ನೀರಿನ ನಂತರ ಎರಡನೇ ಹೆಸರೇ ಗ್ಲಿಸರಿನ್. ಗ್ಲಿಸರಿನ್ ನೀರನ್ನು ಎಳೆದುಕೊಳ್ಳುವ ವಸ್ತು. ಕಡಲ ತಡಿಯ ಒದ್ದೆ ಗಾಳಿಯಲ್ಲಿ ಗಾಳಿಯ ನೀರನ್ನೆಲ್ಲ ಕೂದಲಿಗೆ ತುಂಬುತ್ತದೆ. ಡಿಸೆಂಬರಿನ ಒಣ ಗಾಳಿಯಲ್ಲಿ ತಿರುಗಾಮುರುಗಾ, ಕೂದಲಿನ ನೀರನ್ನೇ ಹೊರಗೆ ಬಿಟ್ಟುಕೊಡುತ್ತದೆ. ಕ್ರೀಮಿನದು ತಪ್ಪು ಅಂತಲ್ಲ. ಆದರೆ ನಾನಿರುವುದು ಬೆಂಗಳೂರಿನಲ್ಲಿ, ನೆಂಟರೆಲ್ಲ ಅರ್ಧ ಕರಾವಳಿ, ಅರ್ಧ ಧಾರವಾಡ. ಮೂರು ಹವೆಗೆ ಮೂರು ಕ್ರೀಮು ಕೊಳ್ಳೋಕಾಗುತ್ತಾ?

ಆಗ ಬಂದದ್ದು ಅಗಸೆ. ನಮ್ಮ ಕಡೆ ಅಡುಗೆಮನೆಯಲ್ಲಿ ಅಗಸಿ ಚಟ್ನಿ ಡಬ್ಬಿ ಇಲ್ಲದ ಮನೆಯೇ ಇಲ್ಲ. ರೊಟ್ಟಿಗೆ ಹಚ್ಚಿ ತಿಂದಿದ್ದು ಬಿಟ್ಟರೆ ಅದರಿಂದ ಇನ್ನೇನೋ ಆಗುತ್ತದೆ ಅಂತ ಹೊಳೆದಿರಲಿಲ್ಲ. ಊರಲ್ಲಿ ಮಾಡಿ ತೋರಿಸಿದ ದಿನ ಅವ್ವ ಹಣೆ ಚಚ್ಚಿಕೊಂಡಳು. "ಚಟ್ನಿ ಮಾಡೂ ಅಗಸಿ ತಲಿಗ್ಯಾಕ ತಂಗಿ? ತಲಿಗೆ ದಾಸಾಳ ಸೊಪ್ಪ ಐತೆಲ್ಲ!" ಅವಳ ಮಾತಲ್ಲೂ ಅರ್ಥವಿದೆ. ದಾಸವಾಳದ ಎಲೆಯದ್ದೂ ಲೋಳೆಯೇ. ಆದರೆ ಅದನ್ನು ಹಚ್ಚಿ ತೊಳೆಯಬೇಕು, ಬೆಂಗಳೂರಿನ ಎರಡನೇ ಮಹಡಿಯಲ್ಲಿ ಗಿಡ ಎಲ್ಲಿದೆ?

ಅಳತೆ ಹೀಗೆ. ಕಾಲು ಕಪ್ ಇಡೀ ಅಗಸೆ ಬೀಜ, ಎರಡು ಕಪ್ ನೀರು. ಪುಡಿ ಮಾಡಿದ್ದು ಬೇಡ. ಸ್ಟೀಲ್ ಪಾತ್ರೆಯಲ್ಲಿ ಮಧ್ಯಮ ಉರಿ, ಕೈಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕುದಿ ಬಂದ ಮೇಲೆ ಐದಾರು ನಿಮಿಷಕ್ಕೆ ಮೇಲೆ ಬಿಳಿ ನೊರೆ ಬರುತ್ತದೆ, ನೀರು ಭಾರವಾಗುತ್ತದೆ. ಸೌಟು ಎತ್ತಿ ನೋಡಿ. ಹನಿ ಹನಿಯಾಗಿ ಬಿದ್ದರೆ ಇನ್ನೂ ಇದೆ. ಮೊಟ್ಟೆಯ ಬಿಳಿಯ ಹಾಗೆ ಎಳೆಯಾಗಿ ಇಳಿದು, ಆ ಎಳೆ ತುಂಡಾಗದೆ ತೂಗಾಡಿದರೆ ಆ ಕ್ಷಣವೇ ಒಲೆ ಆರಿಸಬೇಕು. ಅದು ಒಂದು ನಿಮಿಷದ ಆಟ. ಆರಿಸಿದ ಮೇಲೂ ಗಟ್ಟಿಯಾಗುತ್ತಾ ಹೋಗುತ್ತದೆ, ಅದಕ್ಕೆ ಸ್ವಲ್ಪ ತೆಳ್ಳಗಿರುವಾಗಲೇ ನಿಲ್ಲಿಸಿ.

ಬಿಸಿ ಇರುವಾಗಲೇ ಸೋಸಿ. ಮೊದಲ ಸಲ ಆರಲಿ ಅಂತ ಇಟ್ಟು ಆಫೀಸ್ ಫೋನ್‌ನಲ್ಲಿ ಮಾತಾಡುತ್ತಾ ನಿಂತೆ. ಬಂದು ನೋಡಿದರೆ ಬೀಜ, ಲೋಳೆ ಎಲ್ಲ ಒಂದೇ ಮುದ್ದೆ. ಟೀ ಸೋಸುವ ಜಾಲರಿಗೆ ಸುರಿದೆ, ಒಂದು ಹನಿಯೂ ಇಳಿಯಲಿಲ್ಲ. ಜಾಲರಿಯನ್ನೇ ಎಸೆಯಬೇಕಾಯಿತು. ಈಗ ಹಳೇ ಮಲ್ ಪಂಚೆಯ ತುಂಡಿಗೆ ಹಾಕಿ, ಗಂಟು ಕಟ್ಟಿ, ಇಕ್ಕಳದಲ್ಲಿ ಹಿಂಡುತ್ತೇನೆ. ತಣ್ಣಗಾದ ಮೇಲೆ ಬಾಟಲಿಗೆ. ಫ್ರಿಜ್‌ನಲ್ಲಿ ಒಂದು ವಾರ, ಅದಕ್ಕಿಂತ ಜಾಸ್ತಿ ಬೇಡ. ಕೆಟ್ಟರೆ ಹಳೇ ಎಣ್ಣೆಯ ಹುಳಿ ವಾಸನೆ ಬರುತ್ತದೆ. ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟರೆ ತಿಂಗಳು ಬರುತ್ತದೆ, ಬೇಕಾದಾಗ ಎರಡು ತುಂಡು ತೆಗೆದರಾಯಿತು.

ಕಂಡೀಷನರ್ ಉಳಿದಿರುವ, ನೀರು ತೊಟ್ಟಿಕ್ಕುವ ಕೂದಲಿಗೇ ಇದನ್ನು ಹಚ್ಚಬೇಕು. ಲೋಳೆಯಿಂದ ಕೂದಲಿಗೆ ತೇವ ಬರುತ್ತದೆ ಅಂದುಕೊಂಡರೆ ನಿರಾಶೆಯೇ. ತೇವ ಕೊಡುವುದು ನೀರು, ಅದನ್ನು ಹಿಡಿಯುವುದು ಕಂಡೀಷನರ್, ಮೇಲೆ ಪೊರೆ ಹಾಕಿ ಸುರುಳಿಯನ್ನು ಕಾಯುವುದಷ್ಟೇ ಲೋಳೆಯ ಕೆಲಸ. ಒಣಗಿದಾಗ ತಲೆ ಗಂಜಿ ಹಾಕಿದ ಕಾಟನ್ ಸೀರೆಯ ಹಾಗೆ ಬಿರುಸಾಗಿರುತ್ತದೆ. ಮೊದಲ ಸಲ ಅದನ್ನು ನೋಡಿ ಅಳು ಬಂದಿತ್ತು. ಪೂರ್ತಿ ಒಣಗಲು ಬಿಟ್ಟು, ಅಂಗೈಗೆ ಒಂದೇ ಒಂದು ಹನಿ ಎಣ್ಣೆ ಸವರಿ ಹಿಚುಕಿದರೆ ಗಂಜಿ ಪುಡಿಯಾಗಿ ಒಳಗಿನ ಮೆತ್ತನೆ ಸುರುಳಿ ಹೊರಗೆ ಬರುತ್ತದೆ. ಅರ್ಧ ಒದ್ದೆ ಇರುವಾಗ ಕೈ ಹಾಕಿದಿರೋ, ಉಬ್ಬಿಕೊಳ್ಳುತ್ತದೆ. ಜಾಸ್ತಿ ಹಚ್ಚಿದರೆ ಬಿಳಿ ಪುಡಿ ಉದುರಿ ಹೊಟ್ಟಿನ ಹಾಗೆ ಕಾಣುತ್ತದೆ, ಕಪ್ಪು ಕುರ್ತಾ ದಿನ ಹುಷಾರು. ಎರಡು ದಿನದ ಪ್ರಯಾಣಕ್ಕೂ ಒಯ್ಯೋಕಾಗಲ್ಲ, ಕೆಡುತ್ತದೆ. ಕಾರವಾರದ ಹಾಗಿನ ಕಡೆಗೆ ಅಂತಲೇ ಈಗ ಗ್ಲಿಸರಿನ್ ಇಲ್ಲದ ಒಂದು ಚಿಕ್ಕ ಟ್ಯೂಬ್ ಜೆಲ್ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಮಾಡಿಯೂ ಆಗಸ್ಟ್ ಹೊತ್ತಿಗೆ ಕೂದಲು ಮತ್ತೆ ಬಿರುಸಾಯಿತು. ಊರಿಗೆ ಹೋದ ನಾಲ್ಕು ದಿನ ಚೆನ್ನಾಗಿರುತ್ತಿತ್ತು, ಬಂದ ಕೂಡಲೇ ಹಳೇ ಕಥೆ. ಬದಲಾಗಿದ್ದು ನೀರು. ನಮ್ಮದು ಬಾಡಿಗೆ ಮನೆ, ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ, ಗೀಸರ್ ಕಾಯಿಲ್ ಬಿಚ್ಚಿದರೆ ಸುಣ್ಣದ ಗಟ್ಟಿ ಪದರ. ಆರ್‌ಒ ರಿಪೇರಿಗೆ ಬಂದ ಹುಡುಗ ಮೀಟರ್ ಅದ್ದಿ ತೋರಿಸಿದ. ನಲ್ಲಿ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಅಳತೆ) 780, ಫಿಲ್ಟರ್ ನೀರಿನದು 60. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಆ ಮೀಟರು ನೀರಿನ ಗಡಸುತನವನ್ನೇ, ಅಂದರೆ ಸುಣ್ಣದಂಥ ಲವಣವನ್ನಷ್ಟೇ, ಅಳೆಯುವುದಲ್ಲ, ಎಲ್ಲ ಲವಣವನ್ನೂ ಸೇರಿಸಿ ಹೇಳುತ್ತದೆ. ಆದರೆ ಗೀಸರಿನ ಸುಣ್ಣ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದೇ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿನ ಮೇಲೂ ಕೂರುತ್ತದೆ.

1,250 ಕೊಟ್ಟು ಶವರ್ ಫಿಲ್ಟರ್ ಹಾಕಿಸಿದೆ. ಇಡೀ ಲೆಕ್ಕದಲ್ಲಿ ಪೂರ್ತಿ ನಷ್ಟ ಅಂದರೆ ಇದೇ. ನಾನು ಕೊಂಡಂಥವು ಕ್ಲೋರಿನ್, ಕಸ ತಡೆಯುತ್ತವೆ, ಗಡಸುತನ ತೆಗೆಯಲ್ಲ. ಅದಕ್ಕೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಬೇಕು, ಅದು ಓನರ್ ಹಾಕಿಸಬೇಕಾದದ್ದು. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಮ್ಮ ಬೀದಿಗೂ ಪೈಪು ಬಂದಿದೆ. ನಮ್ಮ ಓನರ್ ಮಾತ್ರ ಕನೆಕ್ಷನ್ ತಗೊಂಡಿಲ್ಲ. ಕೇಳಿದರೆ "ನೋಡೋಣಮ್ಮ" ಅಂತಾರೆ. ಒಂದು ವರ್ಷದಿಂದ ನೋಡ್ತಾನೇ ಇದ್ದಾರೆ.

ಕೊನೆಗೆ ಉಪಯೋಗಕ್ಕೆ ಬಂದದ್ದು ಎರಡು. ತಿಂಗಳಿಗೊಮ್ಮೆ ಇಡಿಟಿಎ ಇರುವ ಶಾಂಪೂ, ಅದು ಕೂತ ಲವಣವನ್ನು ಹಿಡಿದು ತೆಗೆಯುತ್ತದೆ. 450 ರೂಪಾಯಿ, ಇನ್ನೂ ಮುಗಿದಿಲ್ಲ. ಇನ್ನೊಂದು, ಕೊನೆಯ ಎರಡು ಮಗ್ ಅಡುಗೆಮನೆಯ ಫಿಲ್ಟರ್ ನೀರು. ತಲೆಸ್ನಾನದ ದಿನ ಬೆಳಿಗ್ಗೆ ಪಾತ್ರೆಯಲ್ಲಿ ಹಿಡಿದಿಡುತ್ತೇನೆ. ಪಚಪಚ ಸದ್ದು ಬರಿಸುವುದೂ ಈ ನೀರಿನಲ್ಲೇ. ಎರಡನೇ ವಾರಕ್ಕೇ ವ್ಯತ್ಯಾಸ ಕೈಗೆ ಗೊತ್ತಾಯಿತು. ಕನ್ನಡಿಗೆ ಕಾಣೋಕೆ ತಿಂಗಳಾಯಿತು.

ಒರೆಸೋಕೆ ದಪ್ಪ ಟರ್ಕಿ ಟವೆಲ್ ಬಿಟ್ಟು ಹಳೇ ಟೀ ಶರ್ಟ್. ಮಲಗುವಾಗ ಅವ್ವನ ಹರಿದ ಮೈಸೂರು ಸಿಲ್ಕ್ ಸೀರೆಯಲ್ಲಿ ಹೊಲಿಸಿದ ದಿಂಬಿನ ಕವರು. ಖರ್ಚು ಟೇಲರ್‌ಗೆ 40 ರೂಪಾಯಿ. ತಲೆಸ್ನಾನ ವಾರಕ್ಕೆ ಎರಡು ಸಲ, ನಡುವೆ ಒಂದು ದಿನ ಸ್ಪ್ರೇ ಬಾಟಲಿಯಲ್ಲಿ ನೀರು ಮತ್ತು ಚಿಟಿಕೆ ಕಂಡೀಷನರ್. ತಿಂಗಳ ಖರ್ಚು ಈಗ 200 ದಾಟಲ್ಲ.

ಮತ್ತೆ ಕೊಳ್ಳುವುದು ಕಂಡೀಷನರ್, ಇಡಿಟಿಎ ಶಾಂಪೂ, ಅಗಸೆ. ಕ್ರೀಮು ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ. ಕುತ್ತಿಗೆ ಹತ್ತಿರ ಬಲಗಡೆ ಒಂದು ಹಿಡಿ ಕೂದಲು ಇನ್ನೂ ದಾರದಂತೆ ನೆಟ್ಟಗಿದೆ. ಏಪ್ರಿಲ್‌ನಲ್ಲಿ ಪಾರ್ಲರಿನ ಹುಡುಗಿ ಅಲ್ಲಿ ಕತ್ತರಿ ಹಾಕೋಕೆ ಹೆದರಿ ಬಿಟ್ಟಿದ್ದಳು. ಅದಕ್ಕೆ ಏನು ಹಚ್ಚಿದರೂ ಅಷ್ಟೇ. ಸ್ಕೇಲ್ ಇಟ್ಟು ಅಳೆದೆ, ನಾಲ್ಕು ಸೆಂಟಿಮೀಟರ್. ಸಂಕ್ರಾಂತಿಗೆ ಊರಿಗೆ ಹೋಗೋ ಮುಂಚೆ ಅದನ್ನೂ ತೆಗೆಸಬೇಕು.